ಜೀರ್ಣಗೃಹದ ಮೂಲರೂಪ

ಹಳೆಯ ಮನೆಗಳನ್ನು ಅವುಗಳ ಮೂಲರೂಪಕ್ಕೆ ತರಬೇಕೆಂಬ ಅಭಿಲಾಷೆಯು ಈಚಿನ ವರ್ಷಗಳಲ್ಲಿ ನಾಡಿನ ಅನೇಕ ಕಡೆಗಳಲ್ಲಿ ತಲೆದೋರಿದೆ. ತಂದೆಯ ಕಾಲದಲ್ಲಿ ತೊಟ್ಟಿಯನ್ನು ಮುಚ್ಚಿ, ಕಂಬಗಳನ್ನು ಕಿತ್ತು ಸೌದೆಯ ಬೆಲೆಗೆ ಮಾರಿ, ಜಗಲಿಯನ್ನು ಒಡೆದು ಅಂಗಡಿಯ ಮಳಿಗೆಯನ್ನು ಕಟ್ಟಿದ ಕುಟುಂಬದಲ್ಲಿಯೇ, ಮಗನು ಅಂತಹ ಕಂಬಗಳನ್ನು ಹೆಚ್ಚಿನ ಬೆಲೆ ಕೊಟ್ಟು ತರಲು ಊರೂರು ಅಲೆಯುವುದುಂಟು. ಇದನ್ನು ಕೇವಲ ಶೋಕಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಳೆದುಕೊಂಡುದರ ಬೆಲೆಯು ಕಳೆದುಕೊಂಡ ಮೇಲೆಯೇ ತಿಳಿಯುವುದು ಮನುಷ್ಯಸ್ವಭಾವ. ಆದರೆ ಅಭಿಲಾಷೆಯು ಒಳ್ಳೆಯದಾದ ಮಾತ್ರಕ್ಕೆ ಕಾರ್ಯವು ನಿರ್ದೋಷವಾಗುವುದಿಲ್ಲ. ‘ಮೂಲರೂಪಕ್ಕೆ ತರುವುದು’ ಎಂಬ ಈ ಸಣ್ಣ ಮಾತಿನಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ಮೂಲವೆಂದರೆ ಯಾವ ಕಾಲ? ರೂಪವೆಂದರೆ ಯಾವ ವಸ್ತು? ತರುವವನಿಗೆ ಇರುವ ಅಧಿಕಾರವೇನು? ಈ ಮೂರನ್ನೂ ವಿಚಾರಿಸದೆ ಕೈಯಿಕ್ಕಿದವನು ಮನೆಯನ್ನು ಉದ್ಧರಿಸಬಹುದು, ಕೆಡಿಸಲೂಬಹುದು. ಎರಡರಲ್ಲಿ ಯಾವುದನ್ನು ಮಾಡಿದನೆಂಬುದು ಅವನಿಗೇ ತಿಳಿಯದೆ ಹೋಗಬಹುದು.

ಹೇಮಾವತಿಯ ದಡದಲ್ಲಿರುವ ಹೊಳೆನರಸೀಪುರದಂತಹ ಊರಿನ ಹಳೆಯ ಬೀದಿಯಲ್ಲಿ ಒಂದು ಮನೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಕಲ್ಲಿನ ತಳಪಾಯದ ಮೇಲೆ ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆ, ಬೀದಿಗೆ ಮುಖವಾಗಿ ಜಗಲಿ, ಒಳಗೆ ಹೋದರೆ ಬಿಸಿಲು ಮಳೆಗಳಿಗೆ ತೆರೆದುಕೊಂಡ ತೊಟ್ಟಿ, ಅದರ ಸುತ್ತಲೂ ಮರದ ಕಂಬಗಳ ಪಡಸಾಲೆ, ಅದರಾಚೆಗೆ ನಡುಮನೆ, ದೇವರಮನೆ, ಅಡಿಗೆಮನೆ, ಮೇಲೆ ಅಟ್ಟ, ಹಿಂದೆ ಹಂಡೆ ಹೂಳಿದ ಬಚ್ಚಲು, ಹಿತ್ತಿಲು, ಬಾವಿ. ಕಟ್ಟಿದವನ ಕಾಲದಲ್ಲಿ ಇದಕ್ಕೆ ಹೊದಿಸಿದ್ದುದು ಊರ ಕುಂಬಾರನು ಸುಟ್ಟ ನಾಡಹೆಂಚು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದುದು 1865ರಲ್ಲಿ. ಆ ಹೆಂಚುಗಳು ಘಟ್ಟದ ಮೇಲಕ್ಕೆ ಬಂದ ನಂತರ ಮೊಮ್ಮಗನು ಅವನ್ನು ಹೊದಿಸಿದನು. ಅವನ ಮಗನು ವಿದ್ಯುದ್ದೀಪದ ತಂತಿಗಳನ್ನು ಎಳೆಸಿದನು. ಮುಂದೆ ಅಣ್ಣತಮ್ಮಂದಿರು ಹಿಸ್ಸೆಯಾದಾಗ ತೊಟ್ಟಿಯ ನಟ್ಟನಡುವೆ ಒಂದು ಇಟ್ಟಿಗೆಯ ಗೋಡೆ ಎದ್ದಿತು. ಆಮೇಲೆ ಸಿಮೆಂಟು ಬಂದಿತು. ಜಗಲಿಯ ಗಾರೆಯ ಮೇಲೆ ಅದರ ಲೇಪವೂ ಬಿದ್ದಿತು. ಈಗ ಕುಟುಂಬದವನೊಬ್ಬನು ಬಂದು ಇದನ್ನು ಮೂಲರೂಪಕ್ಕೆ ತರುವೆನೆಂದರೆ, ಎಲ್ಲಿಗೆ ತರಬೇಕು? ನಾಡಹೆಂಚಿನ ಕಾಲಕ್ಕೋ, ಮಂಗಳೂರು ಹೆಂಚಿನ ಕಾಲಕ್ಕೋ? ಮಂಗಳೂರು ಹೆಂಚಿಗೂ ನೂರು ವರ್ಷ ಮೀರಿದೆ. ಅದರ ಕೆಳಗೆ ಮೂರು ತಲೆಮಾರುಗಳು ಹುಟ್ಟಿ ಬೆಳೆದಿವೆ. ಅದನ್ನು ‘ಈಚಿನದು’ ಎಂದು ಇಳಿಸಿ ಎಸೆಯುವವನು ಮುತ್ತಜ್ಜನನ್ನು ಗೌರವಿಸಹೋಗಿ ಅಜ್ಜನನ್ನು ಅವಮಾನಿಸಿದಂತಾಗುವುದಿಲ್ಲವೆ?

ಪಶ್ಚಿಮದೇಶದ ಪಂಡಿತರು ಈ ವಿಷಯದಲ್ಲಿ 19ನೆಯ ಶತಮಾನದಲ್ಲಿ ದೊಡ್ಡ ವಾದವನ್ನೇ ನಡೆಸಿದ್ದಾರೆ. ಫ್ರಾನ್ಸಿನ ವಿಯೊಲೆ-ಲ-ದ್ಯುಕ್ ಎಂಬ ಶಿಲ್ಪಜ್ಞನು, ಕಟ್ಟಡವನ್ನು ಪೂರ್ಣಾವಸ್ಥೆಗೆ ತರುವುದೇ ಉದ್ಧಾರ, ಆ ಪೂರ್ಣಾವಸ್ಥೆಯು ಹಿಂದೆ ಯಾವ ಕಾಲದಲ್ಲಿಯೂ ಇಲ್ಲದಿದ್ದರೂ ಚಿಂತೆಯಿಲ್ಲ ಎಂದು ಭಾವಿಸಿದನು. ಇಂಗ್ಲೆಂಡಿನ ರಸ್ಕಿನ್ನನು 1849ರಲ್ಲಿ ಬರೆದ ಗ್ರಂಥದಲ್ಲಿ, ಉದ್ಧಾರವೆಂಬುದು ಆದ್ಯಂತವಾಗಿ ಸುಳ್ಳು, ಸತ್ತವರನ್ನು ಎಬ್ಬಿಸಲಾಗದಂತೆ ಸತ್ತ ಕಟ್ಟಡವನ್ನೂ ಎಬ್ಬಿಸಲಾಗದು, ಇರುವಾಗಲೇ ಚೆನ್ನಾಗಿ ನೋಡಿಕೊಳ್ಳುವುದೊಂದೇ ಧರ್ಮ ಎಂದು ಖಂಡಿಸಿದನು. ಅವನ ಮಾರ್ಗವನ್ನೇ ಹಿಡಿದು ವಿಲಿಯಂ ಮಾರಿಸನು 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದನು. ಈ ಎರಡು ಮತಗಳಿಗೆ ಒಂದು ಸಮನ್ವಯವು 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರ ಶಾಸನದಲ್ಲಿ ಕಂಡುಬರುತ್ತದೆ. ಎಲ್ಲಿ ಊಹೆಯು ಆರಂಭವಾಗುವುದೋ ಅಲ್ಲಿ ಉದ್ಧಾರವು ನಿಲ್ಲಬೇಕು. ಬೇರೆ ಬೇರೆ ಕಾಲದವರು ಸೇರಿಸಿದ ನ್ಯಾಯವಾದ ಅಂಶಗಳನ್ನು ಗೌರವಿಸಬೇಕು. ಹೊಸದಾಗಿ ತುಂಬಿದ ಭಾಗವು ಹೊಸದೆಂದು ತಿಳಿಯುವಂತಿರಬೇಕು — ಇವು ಅದರ ಮುಖ್ಯ ವಿಧಿಗಳು.

ರಸ್ಕಿನ್ನನ ಮತಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಮುಳುಗಡೆಯಾದ ನೆಲದಲ್ಲಿ, ಶೆಟ್ಟಿಹಳ್ಳಿಯ ಬಳಿ, 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯೊಂದು ಛಾವಣಿಯಿಲ್ಲದೆ ನಿಂತಿದೆ. ಮಳೆಗಾಲದಲ್ಲಿ ಹಿನ್ನೀರು ಅದರ ಕಮಾನುಗಳವರೆಗೂ ಏರುತ್ತದೆ. ಬೇಸಗೆಯಲ್ಲಿ ನೆಲ ಕಾಣುತ್ತದೆ. ಅದನ್ನು ನೋಡಲು ಬರುವವರು ಅದರ ಜೀರ್ಣತೆಯನ್ನೇ ನೋಡಲು ಬರುತ್ತಾರೆ. ನಾಳೆ ಯಾರಾದರೂ ಅದಕ್ಕೆ ಹೊಸ ಛಾವಣಿಯನ್ನು ಹಾಕಿ ಸುಣ್ಣ ಬಳಿದರೆ, ಭಕ್ತರೇ ಇಲ್ಲದ ಇಗರ್ಜಿಯು ಅದಕ್ಕಿಂತ ಹೆಚ್ಚು ಶೂನ್ಯವಾಗಿ ಕಾಣುವುದು. ಆದರೆ ಎಲ್ಲ ಜೀರ್ಣಗೃಹಗಳ ವಿಷಯದಲ್ಲಿಯೂ ಹೀಗೆ ಕೈಕಟ್ಟಿ ಕುಳಿತಿರಬೇಕೆಂದರೆ ಅದು ವೈರಾಗ್ಯವಲ್ಲ, ಆಲಸ್ಯ. ಹೆಂಚು ಜಾರಿದ ಮಣ್ಣಿನ ಮನೆಯು ಒಂದೆರಡು ಮಳೆಗಾಲಗಳನ್ನು ತಡೆಯಬಹುದು. ಆಮೇಲೆ ಉಳಿಯುವುದು ಮಣ್ಣಿನ ದಿಬ್ಬ.

ಇನ್ನು ಎರಡನೆಯ ಪ್ರಶ್ನೆ. ರೂಪವೆಂದರೇನು? ಒಂದೊಂದಾಗಿ ತೊಲೆಯನ್ನೂ ಕಂಬವನ್ನೂ ಹೆಂಚನ್ನೂ ಬದಲಾಯಿಸುತ್ತ ಹೋದರೆ ಕೊನೆಗೆ ನಿಲ್ಲುವ ಮನೆಯು ಹಳೆಯದೋ ಹೊಸದೋ? ಗ್ರೀಕರು ಇದೇ ಪ್ರಶ್ನೆಯನ್ನು ಥೀಸಿಯಸ್ಸನ ಹಡಗಿನ ವಿಷಯದಲ್ಲಿ ಕೇಳಿದರು. ಬೌದ್ಧರ ನಾಗಸೇನನು ಮಿಲಿಂದರಾಜನಿಗೆ, ಚಕ್ರ ಅಚ್ಚು ನೊಗಗಳನ್ನು ಬಿಟ್ಟರೆ ರಥವೆಂಬ ಬೇರೊಂದು ವಸ್ತುವಿಲ್ಲ, ಅದು ವ್ಯವಹಾರಕ್ಕಾಗಿ ಇಟ್ಟ ಹೆಸರು ಎಂದು ತೋರಿಸಿಕೊಟ್ಟನು. ನೈಯಾಯಿಕರು ಇದನ್ನು ಒಪ್ಪದೆ, ಅವಯವಗಳಿಗಿಂತ ಬೇರೆಯಾದ ಅವಯವಿಯೊಂದು ಉಂಟೆಂದರು. ಆದರೆ ಅವರ ಪ್ರಾಮಾಣಿಕತೆಯನ್ನು ಗಮನಿಸಬೇಕು: ಬಟ್ಟೆಯಿಂದ ಒಂದು ನೂಲನ್ನು ಎಳೆದರೂ ಮೊದಲಿನ ಪಟವು ನಾಶವಾಗಿ ಖಂಡಪಟವೆಂಬ ಬೇರೊಂದು ಹುಟ್ಟುತ್ತದೆಂದು ಅವರೇ ಒಪ್ಪಿಕೊಂಡರು. ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲನ್ನು ನೋಡಿ ‘ಅದೇ ಕೂದಲು’ ಎನ್ನುವುದು, ಉರಿಯುವ ದೀಪದ ಜ್ವಾಲೆಯನ್ನು ನೋಡಿ ‘ಅದೇ ಜ್ವಾಲೆ’ ಎನ್ನುವುದು, ಇವೆಲ್ಲ ಸಾದೃಶ್ಯದಿಂದ ಹುಟ್ಟಿದ ಪ್ರತ್ಯಭಿಜ್ಞೆಗಳೇ ಹೊರತು ಐಕ್ಯಕ್ಕೆ ಪ್ರಮಾಣಗಳಲ್ಲ. ಉದ್ಧಾರವಾದ ಮನೆಯನ್ನು ನೋಡಿ ‘ಅದೇ ಮನೆ’ ಎನ್ನುವುದೂ ಈ ಜಾತಿಯದೇ.

ಹಾಗಾದರೆ ಉದ್ಧಾರವು ಭ್ರಾಂತಿಯೇ ಎಂದರೆ, ಅಲ್ಲ. ಜ್ವಾಲೆಯು ಕ್ಷಣಕ್ಷಣಕ್ಕೂ ಬೇರೆಯಾದರೂ ದೀಪವು ಆರಲಿಲ್ಲವೆಂಬುದು ನಿಜವಷ್ಟೆ. ಎಣ್ಣೆ ಹೊಯ್ಯುವ ಕೈಯೊಂದಿದ್ದುದರಿಂದ ಅದು ಆರಲಿಲ್ಲ. ಜಪಾನಿನ ಇಸೆ ಎಂಬಲ್ಲಿರುವ ದೇವಾಲಯವನ್ನು 20 ವರ್ಷಗಳಿಗೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸ ಮರದಿಂದ ಹಾಗೆಯೇ ಕಟ್ಟುತ್ತಾರೆ. ಏಳನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಈ ಪದ್ಧತಿಯು 2013ರಲ್ಲಿ 62ನೆಯ ಸಲ ನಡೆಯಿತು. ಅಲ್ಲಿ ಹಳೆಯ ಮರವೊಂದೂ ಉಳಿದಿಲ್ಲ. ಆದರೆ ಬಡಗಿಯ ಕೈಯಿಂದ ಬಡಗಿಯ ಕೈಗೆ ವಿದ್ಯೆಯು ತಪ್ಪದೆ ಇಳಿದುಬಂದಿದೆ. ಆ ದೇವಾಲಯದ ರೂಪವು ಮರದಲ್ಲಿಲ್ಲ, ಪರಂಪರೆಯಲ್ಲಿದೆ. ನಮ್ಮ ಶಿಲ್ಪಶಾಸ್ತ್ರದ ಮಯಮತವೂ ಜೀರ್ಣಕಾರ್ಯವನ್ನು ‘ಅನುಕರ್ಮ’ ಎಂದು ಕರೆಯುತ್ತದೆ. ಹಿಂದಿನವನ ಕರ್ಮವನ್ನು ಅನುಸರಿಸಿ ಮಾಡುವ ಕರ್ಮವೆಂದು ಆ ಹೆಸರಿಗೆ ಅರ್ಥವನ್ನು ಹೇಳಿಕೊಳ್ಳಬಹುದು. ಅದರಲ್ಲಿ ವಿನಯವೂ ಇದೆ, ಬಾಧ್ಯತೆಯೂ ಇದೆ. ಆದಕಾರಣ ಹಳೆಯ ಮನೆಯ ರೂಪವೆಂದರೆ ಕಂಬ ತೊಲೆಗಳು ಮಾತ್ರವಲ್ಲ, ಅವನ್ನು ಕೂಡಿಸಿದ ವಿದ್ಯೆಯೂ, ಅವುಗಳ ನಡುವೆ ನಡೆದ ಬಾಳುವೆಯೂ ಹೌದು.

ಇದನ್ನು ಮರೆತಾಗ ಆಗುವ ಅನರ್ಥಕ್ಕೆ ಸಿಮೆಂಟೇ ಸಾಕ್ಷಿ. ಹಿಂದಿನ ಗಾರೆಯವರು ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಕೊಳೆಸಿ, ಮರಳಿನೊಡನೆ ಗಾಣದಲ್ಲಿ ಅರೆದು, ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಕೂಡಿಸುತ್ತಿದ್ದರು. ಆ ಗಾರೆಯ ಗುಣವೇನೆಂದರೆ, ತಳದಿಂದ ಗೋಡೆಗೆ ಏರಿದ ತೇವವು ಅದರ ಮೂಲಕ ಹೊರಗೆ ಆರಿಹೋಗುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟಿನ ಕವಚವನ್ನು ತೊಡಿಸಿದರೆ ಮೇಲೆ ನುಣುಪಾಗಿ, ಭದ್ರವಾಗಿ ಕಾಣುತ್ತದೆ. ಒಳಗೆ ತೇವವು ಸಿಕ್ಕಿಕೊಂಡು ಮಣ್ಣು ಹದಗೆಟ್ಟು, ಕೊನೆಗೆ ಗೋಡೆಯೇ ಪದರಪದರವಾಗಿ ಕಳಚುತ್ತದೆ. ಹಾಗೆ ಮಾಡಿದವನ ಉದ್ದೇಶದಲ್ಲಿ ಕಪಟವಿರಲಿಲ್ಲ; ಅವನಲ್ಲಿ ಅನುಕರ್ಮದ ಜ್ಞಾನವಿರಲಿಲ್ಲ. ಮನೆಯ ಚಿತ್ರವನ್ನು ಉಳಿಸಿ ಮನೆಯ ಧರ್ಮವನ್ನು ಕೆಡಿಸುವುದು ಹೀಗೆ. ಗಾರೆಯ ಹದವನ್ನು ಬಲ್ಲ ಮುದುಕನೊಬ್ಬನು ಊರಿನಲ್ಲಿ ಇನ್ನೂ ಉಳಿದಿದ್ದರೆ, ಅವನಿಂದ ಒಬ್ಬ ಹುಡುಗನಿಗೆ ಆ ಕೆಲಸವನ್ನು ಕಲಿಸುವುದು ಹತ್ತು ಕೆತ್ತನೆಯ ಕಂಬಗಳನ್ನು ಕೊಂಡುತರುವುದಕ್ಕಿಂತ ದೊಡ್ಡ ಉದ್ಧಾರ.

ಬಾಳುವೆಯೂ ರೂಪದಲ್ಲಿ ಸೇರಿದ್ದರೆ, ಬಾಳುವವರೇ ಇಲ್ಲದ ಮನೆಗಳ ಗತಿಯೇನು? ಮನುಷ್ಯನಿಗಿರುವಂತೆ ಮನೆಗೂ ಆಶ್ರಮಭೇದವುಂಟೆಂದು ಹೇಳಬಹುದು. ಒಲೆಯು ಉರಿಯುವ, ಮಕ್ಕಳು ಅಳುವ ಮನೆಯು ಗೃಹಸ್ಥಾಶ್ರಮದಲ್ಲಿದೆ. ಸ್ಮಾರಕವಾದ ಮನೆಯು ಸಂನ್ಯಾಸವನ್ನು ತೆಗೆದುಕೊಂಡಿದೆ. ಸಂನ್ಯಾಸಿಯು ಅಗ್ನಿಯನ್ನು ತ್ಯಜಿಸುವಂತೆ ಅದೂ ತನ್ನ ಒಲೆಯ ಬೆಂಕಿಯನ್ನು ತ್ಯಜಿಸಿದೆ. ಒಂದು ಕುಟುಂಬಕ್ಕೆ ಸೇರಿದುದು ಹೋಗಿ ಲೋಕಕ್ಕೆ ಸೇರಿದುದಾಗಿದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರು ಬೆಳೆದ ದೊಡ್ಡ ತೊಟ್ಟಿಯ ಮನೆಯು ಹೀಗೆ ಆಶ್ರಮವನ್ನು ಬದಲಾಯಿಸಿದುದು. ಒಂದು ಕಾಲಕ್ಕೆ ತುಂಬಿದ ಕುಟುಂಬವು ಬಾಳಿದ ಆ ಮನೆ ಕಾಲಾನಂತರದಲ್ಲಿ ಶಿಥಿಲವಾಗಿತ್ತು. ಅವರ ಹೆಸರಿನ ಪ್ರತಿಷ್ಠಾನದವರು ಅದನ್ನು ಹಿಂದಿನ ರೂಪವನ್ನು ಅನುಸರಿಸಿ ಮತ್ತೆ ಎಬ್ಬಿಸಿ ‘ಕವಿಮನೆ’ಯೆಂಬ ಸ್ಮಾರಕವನ್ನಾಗಿ ಮಾಡಿದರು. ಅಲ್ಲಿಗೆ ಹೋದವರು ಮಲೆನಾಡಿನ ಬೇಸಾಯದ, ಅಡಿಗೆಯ, ಅಳತೆಯ ಸಾಮಾನುಗಳನ್ನು ನೋಡಿ, ಮಕ್ಕಳಿಗೆ ಹೆಸರು ಹೇಳಿ ತೋರಿಸುತ್ತಾರೆ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರು ಬಾಳಿದ ಮನೆಯನ್ನು 2011ರಲ್ಲಿ ಕೆಡಹಲು ಆರಂಭಿಸಿದ್ದಾಗ ಜನರು ಕೂಗೆಬ್ಬಿಸಿದುದರಿಂದ ಅದು ಉಳಿಯಿತು. ನಗರಪಾಲಿಕೆಯವರು ಅದನ್ನು ದುರಸ್ತಿಮಾಡಿಸಿ 2016ರಲ್ಲಿ ಸಾರ್ವಜನಿಕರಿಗೆ ತೆರೆದರು. ಆ ಮನೆಗೆ ನೂರಾರು ವರ್ಷಗಳ ಪ್ರಾಚೀನತೆಯಿಲ್ಲ, ಕೆತ್ತನೆಯ ವೈಭವವಿಲ್ಲ. ಅಲ್ಲಿ ಒಬ್ಬನು ಕುಳಿತು ಬರೆದನೆಂಬುದೇ ಅದರ ಮೂಲ. ಆದುದರಿಂದ ‘ಮೂಲ’ವನ್ನು ಕಾಲದಿಂದ ಮಾತ್ರ ಅಳೆಯಲಾಗದೆಂಬುದೂ ಇದರಿಂದ ಸಿದ್ಧವಾಗುತ್ತದೆ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಮಾಡಿದುದು ಮತ್ತೊಂದು ಬಗೆ. ಒಡೆಯರೇ ಕೆಡಹಲು ನಿಂತಿದ್ದ ಮನೆಗಳನ್ನು ಅವರು ಕಂಬ ತೊಲೆಗಳ ಸಮೇತ ಬಿಚ್ಚಿಸಿ ತಂದು ಒಂದೆಡೆಯಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಮನೆಯು ತನ್ನ ಬಾವಿಯನ್ನೂ, ಗದ್ದೆಯನ್ನೂ, ನೆರೆಯವರನ್ನೂ ಬಿಟ್ಟುಬಂದ ಮೇಲೆ ಅದು ಆ ಮನೆಯೇ ಹೌದೆ ಎಂದು ಆಕ್ಷೇಪಿಸುವುದು ಸುಲಭ. ಆದರೆ ಬೆಂಕಿ ಬಿದ್ದ ಊರಿನಿಂದ ಎತ್ತಿಕೊಂಡು ಬಂದ ಶಿಶುವನ್ನು ನೋಡಿ, ಇದಕ್ಕೆ ಹುಟ್ಟೂರಿಲ್ಲವೆಂದು ಆಕ್ಷೇಪಿಸುವವರು ಯಾರು? ಬೇರೆ ಗತಿಯಿಲ್ಲದಾಗ ಮಾಡಿದುದು ಆಪದ್ಧರ್ಮ. ಆದರೆ ಅದನ್ನೇ ನಿದರ್ಶನವಾಗಿ ಹಿಡಿದು, ಬಾಳುತ್ತಿರುವ ಹಳ್ಳಿಯ ಮನೆಗಳಿಂದ ಬಾಗಿಲುವಾಡಗಳನ್ನು ಕೀಳಿಸಿ ಪಟ್ಟಣದ ಬಂಗಲೆಗೆ ಜೋಡಿಸುವುದು ಆಪದ್ಧರ್ಮವಾಗಲಾರದು. ಒಂದು ಮನೆಯ ಮೂಲರೂಪಕ್ಕಾಗಿ ಇನ್ನೊಂದು ಮನೆಯನ್ನು ಅನಾಥ ಮಾಡುವ ಉದ್ಧಾರವು ಉದ್ಧಾರವಲ್ಲ.

ಇಲ್ಲಿಯವರೆಗಿನ ವಿಚಾರವು ಸುಲಭ. ಕಷ್ಟವಾದುದು ಮೂರನೆಯ ಪ್ರಶ್ನೆ. ಹೊಳೆನರಸೀಪುರದ ಆ ಕಲ್ಪಿತ ಮನೆಗೆ ಹಿಂತಿರುಗಿ ನೋಡಿದರೆ, ಅದರ ಅಡಿಗೆಮನೆಗೆ ಕಿಟಕಿಯಿರಲಿಲ್ಲ. ಹೊಗೆಯಲ್ಲಿ ಕಣ್ಣು ಕಳೆದುಕೊಂಡ ಹೆಂಗಸರು ಆ ಮನೆಯ ಊಟವನ್ನು ಅಟ್ಟರು. ಹಿಂಬದಿಯಲ್ಲಿ ಒಂದು ಕತ್ತಲೆಯ ಕೋಣೆಯಿತ್ತು. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವಳು ಮುಪ್ಪಿನವರೆಗೆ ಅಲ್ಲಿಯೇ ದಿನಗಳನ್ನು ಎಣಿಸಿದಳು. ಜಗಲಿಯು ದಾರಿಹೋಕರಿಗೆಲ್ಲ ತೆರೆದಿತ್ತೆಂದು ಹೊಗಳುವುದುಂಟು. ಆದರೆ ಆ ಮನೆಯ ಗದ್ದೆಯನ್ನು ಉತ್ತವರಲ್ಲಿ ಕೆಲವರು ಜಗಲಿಯನ್ನು ಹತ್ತದೆ ಬೀದಿಯಲ್ಲಿಯೇ ನಿಂತು ಮಾತನಾಡಿ ಹೋಗಬೇಕಾಗಿತ್ತು. ಇವೆಲ್ಲವೂ ಮೂಲರೂಪದಲ್ಲಿ ಸೇರಿದುವೇ. ಮೂಲರೂಪಕ್ಕೆ ತರುವೆನೆನ್ನುವವನು ಇವನ್ನೂ ತರುವನೆ? ತರುವುದಿಲ್ಲವೆಂದರೆ, ತನಗೆ ಇಷ್ಟವಾದುದನ್ನು ಮಾತ್ರ ಆರಿಸಿಕೊಂಡು ಅದಕ್ಕೆ ಮೂಲವೆಂಬ ಹೆಸರನ್ನಿಟ್ಟಂತಾಗಲಿಲ್ಲವೆ?

ಇದಕ್ಕೆ ಸಮಾಧಾನವನ್ನು ಆಶ್ರಮಭೇದದಿಂದಲೇ ಹೇಳಬೇಕು. ಮನೆಯು ಇನ್ನೂ ಗೃಹಸ್ಥವಾಗಿದ್ದರೆ ಬಾಳುವವರ ಹಿತವೇ ಮೊದಲು. ಅಲ್ಲಿ ಅಡಿಗೆಮನೆಗೆ ಕಿಟಕಿಯನ್ನು ತೆರೆಯಲೇಬೇಕು. ಕತ್ತಲೆಯ ಕೋಣೆಗೆ ಬೆಳಕನ್ನು ಬಿಡಲೇಬೇಕು. ಜಗಲಿಯ ಮೇಲೆ ಬಂದವರೆಲ್ಲರೂ ಕುಳಿತುಕೊಳ್ಳಬೇಕು. ಸೊಸೆಯ ಕಣ್ಣಿಗೆ ಹೊಗೆಯನ್ನು ತುಂಬಿ ಪೂರ್ವಿಕರಿಗೆ ಮರ್ಯಾದೆಯನ್ನು ಸಲ್ಲಿಸುವುದು ಯಾವ ಧರ್ಮಶಾಸ್ತ್ರಕ್ಕೂ ಒಪ್ಪದ ಮಾತು. ಮನೆಯು ಸಂನ್ಯಾಸಿಯಾಗಿ ಸ್ಮಾರಕವಾಗಿದ್ದರೆ ಅಲ್ಲಿ ಸತ್ಯವೇ ಮೊದಲು. ಕತ್ತಲೆಯ ಕೋಣೆಯನ್ನು ಒಡೆದು ವಿಶಾಲವಾಗಿಸಿ, ಹೂದಾನಿಯನ್ನಿಟ್ಟು, ಹಿಂದಿನವರೆಲ್ಲ ಸುಖವಾಗಿದ್ದರೆಂದು ತೋರಿಸಬಾರದು. ಆ ಕೋಣೆಯು ಕತ್ತಲೆಯಾಗಿಯೇ ಇರಲಿ. ಅಲ್ಲಿ ಯಾರಿದ್ದರೆಂಬುದನ್ನು ತೋರಿಸುವವನು ಸ್ಪಷ್ಟವಾಗಿ ಹೇಳಲಿ. ಕೆತ್ತನೆಯ ಕಂಬವನ್ನು ನೋಡಿ ಸಂತೋಷಪಟ್ಟವನು ಆ ಹೊಸ್ತಿಲಿನ ಬಳಿ ಒಂದು ಗಳಿಗೆ ಸುಮ್ಮನೆ ನಿಂತರೆ, ಸ್ಮಾರಕವು ತನ್ನ ಕೆಲಸವನ್ನು ಮಾಡಿದಂತಾಯಿತು. ಬಾಳುವ ಮನೆಯಲ್ಲಿ ದೋಷವನ್ನು ಉಳಿಸುವುದು ಹಿಂಸೆ. ಸ್ಮಾರಕದಲ್ಲಿ ಅದನ್ನು ಅಳಿಸುವುದು ಅನೃತ.

ಉಳಿದುದು ತೊಟ್ಟಿಯ ನಡುವಣ ಹಿಸ್ಸೆಯ ಗೋಡೆ. ಉದ್ಧಾರಕ್ಕೆ ಬಂದವನ ಕಣ್ಣಿಗೆ ಮೊದಲು ಬೀಳುವುದು ಇದೇ. ಇದು ಹಳೆಯದಲ್ಲ, ಸುಂದರವಲ್ಲ, ಶಾಸ್ತ್ರಕ್ಕೂ ಸಮ್ಮತವಲ್ಲ. ಬೆಳಕನ್ನು ತಡೆದು ಎರಡು ಪಾಲಿನವರಿಗೂ ಅರ್ಧ ಆಕಾಶವನ್ನು ಮಾತ್ರ ಬಿಟ್ಟಿದೆ. ಇದನ್ನು ಕೆಡಹುವುದಕ್ಕೆ ಇಬ್ಬರು ಆಳುಗಳಿಗೆ ಒಂದು ದಿನದ ಕೆಲಸ. ಆದರೆ ಆ ಗೋಡೆಯನ್ನು ಎಬ್ಬಿಸಿದುದು ಗಾರೆಯವನಲ್ಲ. ಅಣ್ಣತಮ್ಮಂದಿರ ಮಾತು ನಿಂತುಹೋದುದು, ತಾಯಿಯು ಎರಡು ಒಲೆಗಳ ನಡುವೆ ಯಾವುದರ ಬಳಿ ಕುಳಿತುಕೊಳ್ಳಬೇಕೆಂದು ತಿಳಿಯದೆ ನಿಂತುದು, ಹಬ್ಬದ ದಿನ ಮಕ್ಕಳು ಗೋಡೆಯ ಆಚೆಯ ನಗೆಯನ್ನು ಕೇಳಿಸಿಕೊಂಡುದು — ಇವು ಅದನ್ನು ಎಬ್ಬಿಸಿದುವು. ಒಂದು ಪಾಲಿನವನು ಇನ್ನೊಂದು ಪಾಲನ್ನು ಹಣ ಕೊಟ್ಟು ಕೊಂಡು, ಗೋಡೆಯನ್ನು ಉರುಳಿಸಿ, ತೊಟ್ಟಿಯು ಮೂಲರೂಪಕ್ಕೆ ಬಂದಿತೆಂದು ಬಂಧುಗಳನ್ನು ಕರೆದು ತೋರಿಸಿದರೆ, ಕಟ್ಟಡವು ಸರಿಯಾಯಿತು. ಆದರೆ ತೊಟ್ಟಿಯೆಂಬುದು ಯಾವುದಕ್ಕಾಗಿ ಇದ್ದಿತೋ ಅದು ಸರಿಯಾಗಲಿಲ್ಲ. ನಾಲ್ಕು ಕಡೆಯ ಪಡಸಾಲೆಗಳಲ್ಲಿ ಕುಳಿತವರು ಒಬ್ಬರಿಗೊಬ್ಬರು ಕಾಣುತ್ತಿರಲೆಂದು ಹಿರಿಯರು ತೊಟ್ಟಿಯನ್ನು ತೆರೆದರು. ಕಾಣುವುದಕ್ಕೆ ಎದುರಿಗೆ ಯಾರೂ ಇಲ್ಲದಿದ್ದರೆ ಅದು ಮಳೆನೀರು ಬೀಳುವ ಗುಂಡಿ ಮಾತ್ರ.

ಹಾಗೆಂದು ಗೋಡೆಯನ್ನು ಎಂದೆಂದಿಗೂ ಉಳಿಸಬೇಕೆಂದಲ್ಲ. ದೇವಾಲಯದ ಜೀರ್ಣೋದ್ಧಾರಕ್ಕೆ ಮೊದಲು ದೇವತೆಯ ಸಾನ್ನಿಧ್ಯವನ್ನು ಬಾಲಾಲಯವೆಂಬ ಚಿಕ್ಕ ಗುಡಿಯಲ್ಲಿ ಆವಾಹಿಸಿ, ಅಲ್ಲಿ ಪೂಜೆಯನ್ನು ತಪ್ಪದೆ ನಡೆಸಿಕೊಂಡು ಬಂದು, ಕಟ್ಟಡವು ಸಿದ್ಧವಾದ ಮೇಲೆ ಹಿಂತಿರುಗಿ ಬಿಜಯಮಾಡಿಸುವುದು ಆಗಮದ ಸಂಪ್ರದಾಯ. ಕಲ್ಲಿಗೆ ಕೈ ಹಾಕುವ ಮೊದಲು ಸಾನ್ನಿಧ್ಯವನ್ನು ಕಾಪಾಡಿಕೊಳ್ಳಬೇಕೆಂಬುದು ಇದರ ತಾತ್ಪರ್ಯ. ಮನೆಯ ಸಾನ್ನಿಧ್ಯವು ಮನೆಯವರಲ್ಲಿದೆ. ಆದಕಾರಣ ಉದ್ಧಾರಕ್ಕೆ ಹೊರಟವನು ಬಡಗಿಯನ್ನು ಕರೆಯುವ ಮೊದಲು ಗೋಡೆಯಾಚೆಯ ಪಾಲಿನವರ ಮನೆಗೆ ಹೋಗಬೇಕು. ಅವರು ದೂರದ ಬೆಂಗಳೂರಿನಲ್ಲಿರಲಿ, ಸಮುದ್ರದಾಚೆ ಇರಲಿ, ಅವರನ್ನು ಹುಡುಕಿ ಮಾತನಾಡಿಸಬೇಕು. ಹಿರಿಯರು ಯಾರಾದರೂ ಬದುಕಿದ್ದರೆ ಯಾವ ಕಂಬದ ಬಳಿ ಯಾರು ಕುಳಿತುಕೊಳ್ಳುತ್ತಿದ್ದರೆಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಅವರು ಒಪ್ಪಿ ಬಂದು, ಗೋಡೆಯ ಮೊದಲ ಇಟ್ಟಿಗೆಯನ್ನು ತಾವೇ ತೆಗೆದರೆ, ಅಂದು ಆ ಮನೆಯು ಮೂಲರೂಪಕ್ಕೆ ಬರುತ್ತದೆ. ಹೆಂಚು ನಾಡಹೆಂಚೋ ಮಂಗಳೂರಿನದೋ ಎಂಬುದು ಆಮೇಲಿನ ಮಾತು. ಅವರು ಒಪ್ಪದಿದ್ದರೆ ಗೋಡೆಯು ಇರಲಿ. ಅದರ ಎರಡು ಕಡೆಯಲ್ಲಿಯೂ ಸುಣ್ಣವನ್ನು ಬಳಿಯುವಷ್ಟು ಸೌಜನ್ಯವು ಸಾಕು. ಕಾಲವು ಮಾಗಿದಾಗ ಮುಂದಿನವರು ಅದನ್ನು ತೆಗೆಯಬಹುದು.

ಈ ವಿಚಾರದಿಂದ ಫಲಿಸುವ ವಿಧಿಗಳು ಕೆಲವೇ. ಇರುವಾಗಲೇ ನೋಡಿಕೊಳ್ಳುವುದು ಉತ್ತಮ. ವರ್ಷಕ್ಕೊಮ್ಮೆ ಹೆಂಚನ್ನು ಕೈಯಾಡಿಸಿದವನ ಮನೆಗೆ ಉದ್ಧಾರದ ಅವಸರವೇ ಬೀಳುವುದಿಲ್ಲ. ತಿಳಿಯದುದನ್ನು ಊಹಿಸಿ ಕಟ್ಟಬಾರದು. ಹೊಸದಾಗಿ ಹಾಕಿದುದನ್ನು ಹಳೆಯದೆಂದು ನಂಬಿಸಬಾರದು. ಇಂದು ಮಾಡಿದುದು ತಪ್ಪೆಂದು ನಾಳೆ ಕಂಡರೆ ಕೆಡಿಸದೆ ತೆಗೆಯಲು ಬರುವಂತೆ ಮಾಡಬೇಕು. ಇತರರ ಮನೆಯನ್ನು ಕೆಡಿಸಿ ತಂದ ವಸ್ತುವನ್ನು ಮುಟ್ಟಬಾರದು. ಬಾಳುವವರಿದ್ದರೆ ಅವರ ಸುಖವನ್ನೂ, ಇಲ್ಲದಿದ್ದರೆ ಇದ್ದವರ ಸತ್ಯವನ್ನೂ ಕಾಪಾಡಬೇಕು. ಇಷ್ಟನ್ನು ಮಾಡಿದ ಮೇಲೆಯೂ ಅದು ಮುತ್ತಜ್ಜನು ಕಟ್ಟಿದ ಮನೆಯೇ ಹೌದೆ ಎಂದು ತಾರ್ಕಿಕನೊಬ್ಬನು ಕೇಳಿದರೆ, ಅಲ್ಲವೆಂದು ಧೈರ್ಯವಾಗಿ ಒಪ್ಪಿಕೊಳ್ಳಬಹುದು. ಮುತ್ತಜ್ಜನು ಹೊತ್ತಿಸಿದ ಜ್ವಾಲೆಯು ಎಂದೋ ಹೋಯಿತು. ಸಂಜೆಗೆ ಬಂದು ಎಣ್ಣೆಯನ್ನು ಹೊಯ್ಯುವವರು ಯಾರಾದರೂ ಇದ್ದಾರೆಯೆ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.